ರಜೆಗೆ ನೋಟುಬುಕ್ಕು ಬೇಡ, ಕಥೆಪುಸ್ತಕ ಕೊಡಿಸಿರಿ

ಗೆ,
ಉಪನಿರ್ದೇಶಕರು (ಆಡಳಿತ), ಶಾಲಾ ಶಿಕ್ಷಣ ಇಲಾಖೆ,
ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ಮತ್ತು ವಿಜಯಪುರ.

ಹಾಗೆಯೇ ಈ ನಾಲ್ಕೂ ಶೈಕ್ಷಣಿಕ ಜಿಲ್ಲೆಗಳ ಮುಖ್ಯ ಶಿಕ್ಷಕರು, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಪಾಲಕರಿಗೆ.

ವಿಷಯ: 1ರಿಂದ 5ನೇ ತರಗತಿಯ ಮಕ್ಕಳಿಗೆ ರಜೆಯಲ್ಲಿ ಬರವಣಿಗೆಯ ಗೃಹಪಾಠ ಕೊಡುವುದನ್ನು ನಿಲ್ಲಿಸುವ ಕುರಿತು.

ಮಾನ್ಯರೇ,

ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ಹೊತ್ತಿಗೆ ನಮ್ಮ ಭಾಗದ ಅನೇಕ ಶಾಲೆಗಳ ಕರಿಹಲಗೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಎಲ್ಲ ಪಾಠಗಳ ಪ್ರಶ್ನೋತ್ತರ ಎರಡು ಸಲ, 2ರಿಂದ 20ರ ತನಕ ಮಗ್ಗಿ ಹತ್ತು ಸಲ, ದಿನಕ್ಕೊಂದು ಪುಟ ಕನ್ನಡ ಶುದ್ಧಬರಹ, ಒಂದು ಪುಟ ಇಂಗ್ಲಿಷ್ ಕಾಪಿರೈಟಿಂಗ್. ಖಾಸಗಿ ಶಾಲೆಯಾದರೆ ಇದೇ ಪಟ್ಟಿ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ, ಮೇಲೆ ಎರಡು ಪ್ರಾಜೆಕ್ಟ್. ಕೊಡುವವರೂ ಶಿಕ್ಷಕರಾದ ನಾವೇ, ಜೂನ್‌ನಲ್ಲಿ ಸಹಿ ಹಾಕುವವರೂ ನಾವೇ ಆದ್ದರಿಂದ ಈ ಪಟ್ಟಿಯಿಂದ ಮಗುವಿಗೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ನಮ್ಮ ಕೋರಿಕೆ ಇಷ್ಟು: ಐದನೇ ತರಗತಿಯವರೆಗೆ ರಜೆಯಲ್ಲಿ ಬರೆದು ತರುವ ಹೋಮ್‌ವರ್ಕ್ ಪೂರ್ತಿ ನಿಲ್ಲಲಿ. ಅದರ ಜಾಗಕ್ಕೆ ಓದಲು ಪುಸ್ತಕ ಮತ್ತು ಬಾಯಿಲೆಕ್ಕ ಬರಲಿ. ಶಾಲೆ ತೆರೆದ ದಿನ ಅದನ್ನೂ ಯಾರೂ 'ತೋರಿಸು' ಎನ್ನದಿರಲಿ.

ಮೊದಲು ಲೆಕ್ಕ ಹಾಕೋಣ. 2ರಿಂದ 20ರವರೆಗೆ 19 ಮಗ್ಗಿ, ಒಂದೊಂದಕ್ಕೆ 10 ಸಾಲು. ಹತ್ತು ಸಲಕ್ಕೆ 1,900 ಸಾಲು. ಪುಟಕ್ಕೆ ಮೂರು ಕಾಲಂ ಹಾಕಿದರೂ ಸುಮಾರು 30 ಪುಟ. 2025ರ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ ಇತ್ತು. ಅಷ್ಟು ದಿನಕ್ಕೆ ಎರಡು ಭಾಷೆಯ ಶುದ್ಧಬರಹ 96 ಪುಟ. ಒಟ್ಟು 126. ನಾಲ್ಕನೇ ತರಗತಿಯ ಮಗು ಒಂದು ಪುಟಕ್ಕೆ 15 ನಿಮಿಷ ತೆಗೆದುಕೊಂಡರೆ 31 ಗಂಟೆಗೂ ಮಿಕ್ಕಿ ಆಯಿತು. ಪ್ರಶ್ನೋತ್ತರಗಳನ್ನು ಇನ್ನೂ ಎಣಿಸಿಲ್ಲ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಏನು ಹೇಳುತ್ತದೆ? ಎರಡನೇ ತರಗತಿಯವರೆಗೆ ಹೋಮ್‌ವರ್ಕೇ ಬೇಡ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಶಾಲೆ ನಡೆಯುವ ದಿನಗಳಿಗೆ ಹಾಕಿದ ಈ ಮಿತಿಯನ್ನೇ ರಜೆಗೆ ಎಳೆದು ತಂದರೂ ಏಳು ವಾರಕ್ಕೆ 14 ಗಂಟೆ. ನಾವು ಕೊಡುತ್ತಿರುವುದು ಅದರ ಎರಡು ಪಟ್ಟಿಗಿಂತ ಹೆಚ್ಚು. ಅದೂ ಏಪ್ರಿಲ್–ಮೇನಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯ ಸರಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಸುವ ತಿಂಗಳುಗಳಲ್ಲಿ. ತಗಡಿನ ಪತ್ರಾಸ್ ಶೆಡ್ಡಿನೊಳಗೆ ಕೂತು ಬರೆಯುವ ಮಗುವಿಗೆ ಅಂಥ ರಿಯಾಯಿತಿ ಯಾರೂ ಕೊಟ್ಟಿಲ್ಲ.

ಹೊತ್ತು ಹೋದರೂ ಕಲಿಕೆ ಆಗುತ್ತದಲ್ಲ ಎನ್ನುವವರು ಮಗು ಮಗ್ಗಿ ಬರೆಯುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು. 7ರ ಮಗ್ಗಿಯನ್ನು ಅದು ಸಾಲಾಗಿ ಬರೆಯುವುದಿಲ್ಲ. ಮೇಲಿಂದ ಕೆಳಗೆ ಹತ್ತು ಸಲ 7 ಬರೆಯುತ್ತದೆ. ಆಮೇಲೆ ಹತ್ತು ಗುಣಾಕಾರ ಚಿಹ್ನೆ. ಆಮೇಲೆ 1ರಿಂದ 10. ಆಮೇಲೆ ಹತ್ತು ಸಮ ಚಿಹ್ನೆ. ಕೊನೆಗೆ ಉತ್ತರಗಳನ್ನು ಮೇಲಿನ ಅಂಕಿಗೆ ಏಳೇಳು ಕೂಡಿಸುತ್ತ ಇಳಿಸುತ್ತದೆ, ಇಲ್ಲವೇ ಹಿಂದಿನ ಪುಟ ನೋಡಿ ಇಳಿಸುತ್ತದೆ. 'ಏಳು ಎಂಟಲೆ ಐವತ್ತಾರು' ಎಂಬುದು ಅದರ ಬಾಯಿಗೂ ಬರುವುದಿಲ್ಲ, ತಲೆಗೂ ಹೋಗುವುದಿಲ್ಲ. ಜಾಣ ಮಗುವೇ ಈ ಉಪಾಯವನ್ನು ಬೇಗ ಕಂಡುಕೊಳ್ಳುತ್ತದೆ. ಬೇಜಾರಿನ ಕೆಲಸವನ್ನು ಬೇಗ ಮುಗಿಸುವ ದಾರಿ ಅದು, ಮಗುವಿನ ತಪ್ಪೇನಿಲ್ಲ.

ಶುದ್ಧಬರಹದ ಕಥೆಯೂ ಹೀಗೇ. ಮೊದಲ ಸಾಲನ್ನು ಮಗು ಮಾದರಿ ನೋಡಿ ಬರೆಯುತ್ತದೆ. ಎರಡನೆಯದನ್ನು ತನ್ನದೇ ಮೊದಲ ಸಾಲು ನೋಡಿ, ಮೂರನೆಯದನ್ನು ಎರಡನೆಯದನ್ನು ನೋಡಿ. ಅರ್ಕಾವತ್ತು ಎಲ್ಲಿ ಬರಬೇಕೆಂದು ತಿಳಿಯದೆ 'ಸೂರ್ಯ'ವನ್ನು ಮೊದಲ ಸಾಲಿನಲ್ಲೇ ತಪ್ಪಿದರೆ ಆ ಪುಟದ ಉಳಿದೆಲ್ಲ ಸಾಲಿನಲ್ಲೂ ಅದೇ ತಪ್ಪು. ತರಗತಿಯಲ್ಲಾದರೆ ಶಿಕ್ಷಕಿ ಎರಡನೇ ಸಾಲಿಗೇ ಹಿಡಿಯುತ್ತಾರೆ. ರಜೆಯಲ್ಲಿ ಹಿಡಿಯುವವರಿಲ್ಲ, ತಪ್ಪು ಕೈಗೆ ರೂಢಿಯಾಗಿ ಜೂನ್‌ಗೆ ಗಟ್ಟಿಯಾಗಿ ಬರುತ್ತದೆ. ಕಳೆಯುವ ಲೆಕ್ಕದಲ್ಲಿ ಇದರ ಹಾನಿ ಇನ್ನೂ ಹೆಚ್ಚು. 52ರಲ್ಲಿ 17 ಕಳೆ ಎಂದರೆ ದಶಕ ಸಹಿತ ಕಳೆಯುವುದು ಅರ್ಥವಾಗದ ಮಗು, ದೊಡ್ಡದರಲ್ಲಿ ಸಣ್ಣದು ಎಂದುಕೊಂಡು, 7ರಲ್ಲಿ 2 ಕಳೆದು 5, 5ರಲ್ಲಿ 1 ಕಳೆದು 4 ಎಂದು 45 ಬರೆಯುತ್ತದೆ. ಇಂಥ ನೂರು ಲೆಕ್ಕ ಕೊಟ್ಟರೆ ನೂರನ್ನೂ ಹಾಗೇ ಮಾಡುತ್ತದೆ. ಅದಕ್ಕೆ ಬೇಕಿರುವುದು ನೂರು ಲೆಕ್ಕವಲ್ಲ. ಹತ್ತು ಕಡ್ಡಿಯ ಒಂದು ಕಟ್ಟು, ಅದನ್ನು ಬಿಚ್ಚಿ ತೋರಿಸುವ ಒಬ್ಬರು.

ಪ್ರಾಜೆಕ್ಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಥರ್ಮೊಕೋಲ್ ಗೋಲಗುಮ್ಮಟ ಕಟ್ಟುವವರು ಅಪ್ಪ, ಚಿತ್ರ ಅಂಟಿಸುವವರು ಅಕ್ಕ, ಪ್ರಿಂಟ್ ತೆಗೆಯುವವರು ಕಂಪ್ಯೂಟರ್ ಅಂಗಡಿಯವರು. ಮಗುವಿನ ಪಾಲಿಗೆ ಬರುವುದು ಹೊತ್ತು ತರುವ ಕೆಲಸ.

ಇನ್ನು ತಿದ್ದುವ ಮಾತು. 35 ಮಕ್ಕಳ ತರಗತಿಗೆ ತಲಾ 126 ಪುಟ ಎಂದರೆ 4,410 ಪುಟ. ಪುಟಕ್ಕೆ 15 ಸೆಕೆಂಡು ಕಣ್ಣಾಡಿಸಿದರೂ 18 ಗಂಟೆ. ದಿನಕ್ಕೆ ಐದು ಗಂಟೆಯ ಪಾಠವೆಂದರೆ ಮೂರೂವರೆ ದಿನದ ಪಾಠ ಬಿಡಬೇಕು. ಶಾಲೆ ತೆರೆದ ಆ ವಾರ ದಾಖಲಾತಿ, ಪಠ್ಯಪುಸ್ತಕ–ಸಮವಸ್ತ್ರ ಹಂಚಿಕೆ, ಎಸ್‌ಎಟಿಎಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ) ನಮೂದು, ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಸೇತುಬಂಧ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಇರುತ್ತವೆ. ಹಾಗಾಗಿ ಆಗುವುದು ಒಂದೇ: ಕೊನೆಯ ಪುಟದ ಮೇಲೆ ಉದ್ದನೆಯ ಒಂದು ಕೆಂಪು ಗೆರೆ, ಸಹಿ, ದಿನಾಂಕ. ಬರೆದದ್ದು ಅಣ್ಣನೋ ತಂಗಿಯೋ ಎಂದು ಅಕ್ಷರ ನೋಡಿದರೇ ತಿಳಿಯುತ್ತದೆ, ಕೇಳಲು ಪುರಸತ್ತಿಲ್ಲ.

ಇಷ್ಟಾದರೂ ಪರವಾಗಿಲ್ಲ ಎನ್ನಬಹುದಿತ್ತು, ಮೊದಲ ದಿನ ಬಾರದ ಮಕ್ಕಳಿಲ್ಲದಿದ್ದರೆ. ಹೋಮ್‌ವರ್ಕ್ ಮುಗಿಯದ ಮಗು ಮೇ ಕೊನೆಯಲ್ಲಿ ಹೊಟ್ಟೆನೋವು ಎನ್ನುತ್ತದೆ, ಅಜ್ಜಿ ಊರಿನಲ್ಲೇ ಇನ್ನೊಂದು ವಾರ ಉಳಿಯುತ್ತದೆ. ಹೀಗೆ ಉಳಿಯುವವರು ಯಾರು? ಮನೆಯಲ್ಲಿ ಓದಿದವರಿಲ್ಲದವರು, ಮೇಯಿಸಲು ಆಡು ಇರುವವರು, ತೊಟ್ಟಿಲ ತಂಗಿಯನ್ನು ನೋಡಿಕೊಳ್ಳುವವರು. ಸೇತುಬಂಧ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅದನ್ನು ತಪ್ಪಿಸಿಕೊಳ್ಳುತ್ತಾರೆ. ಬಂದ ಮಗುವನ್ನು ಬರೆದು ತಂದಿಲ್ಲವೆಂದು ಬಾಗಿಲ ಹೊರಗೆ ನಿಲ್ಲಿಸುವುದು, ಎಲ್ಲರೆದುರು ಹಂಗಿಸುವುದು ಇನ್ನೂ ನಿಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಿಲ್ಲಿಸಿ ಹಂಗಿಸುವುದು ಅದರೊಳಗೇ ಬರುತ್ತದೆ.

ಆದರೆ ಪಾಲಕರ ಮಾತನ್ನು ತಳ್ಳಿಹಾಕುವಂತಿಲ್ಲ. 'ಏನರ ಬರಿಯಾಕ ಕೊಡ್ರೀ ಸರ, ಇಲ್ಲಂದ್ರ ದಿನಾಪೂರ್ತಿ ಮೊಬೈಲ್ ಹಿಡ್ಕೊಂಡು ಕುಂದರ್ತಾವು' ಎಂದು ತಾಯಂದಿರು ಹೇಳುವುದು ಸುಳ್ಳಲ್ಲ. ರಜೆಯಲ್ಲಿ ಮಕ್ಕಳು ಮರೆಯುತ್ತಾರೆ ಎಂಬುದೂ ನಿಜ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಬೇಸಿಗೆ ರಜೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಒಂದು ತಿಂಗಳ ಕಲಿಕೆ ಹಿಂದೆ ಸರಿಯುವುದು ಕಂಡಿತು. ಹೆಚ್ಚು ಸವೆಯುವುದು ಲೆಕ್ಕ ಮಾಡುವ ಕ್ರಮ ಮತ್ತು ಕಾಗುಣಿತ. ನಮ್ಮಲ್ಲೇ, ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದರ ಪರಿಣಾಮವನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳಲ್ಲಿ ಅಳೆದು 2021ರಲ್ಲಿ ಪ್ರಕಟಿಸಿತು. ನೂರಕ್ಕೆ 92 ಮಕ್ಕಳು ಭಾಷೆಯ, 82 ಮಕ್ಕಳು ಗಣಿತದ ಕನಿಷ್ಠ ಒಂದು ಸಾಮರ್ಥ್ಯ ಕಳೆದುಕೊಂಡಿದ್ದರು. ಏಳು ವಾರದ ರಜೆ ಅಷ್ಟು ದೊಡ್ಡ ಪೆಟ್ಟಲ್ಲ, ಆದರೂ ದಿಕ್ಕು ಅದೇ. ಅದೇ ಕೂಪರ್ 2006ರಲ್ಲಿ ಹೋಮ್‌ವರ್ಕ್ ಕುರಿತ ಅಧ್ಯಯನಗಳನ್ನು ನೋಡಿದಾಗ, ಹೋಮ್‌ವರ್ಕಿಗೂ ಕಲಿಕೆಗೂ ಇರುವ ನಂಟು ಮೇಲಿನ ತರಗತಿಗಳಲ್ಲಿ ಬಲವಾಗಿ, ಪ್ರಾಥಮಿಕದಲ್ಲಿ ಬಹಳ ಸಡಿಲಾಗಿ ಕಂಡಿತು. ಮರೆವು ನಿಜ, ಮದ್ದು ಮಾತ್ರ ತಪ್ಪು.

ಹಾಗಾದರೆ ಏನು ಕೊಡಬೇಕು? ಅದಕ್ಕೂ ಮೊದಲು ಯಾರಿಗೆ ಏನು ಬರುತ್ತದೆ ಎಂದು ಗೊತ್ತಿರಬೇಕು, ಅದು ಮಾರ್ಚ್ ಕೊನೆಯ ವಾರದ ಕೆಲಸ. ಮಕ್ಕಳ ಓದು–ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಬಳಸುವ ಒಂದು ಹಾಳೆಯ ಪರೀಕ್ಷೆ ಸಾಕು. ಓದಿನಲ್ಲಿ ಅಕ್ಷರ, ಪದ, ಸಣ್ಣ ಪರಿಚ್ಛೇದ, ಕಥೆ. ಲೆಕ್ಕದಲ್ಲಿ ಒಂದಂಕಿ ಗುರುತು, ಎರಡಂಕಿ ಗುರುತು, ಎರಡಂಕಿಯ ದಶಕ ಸಹಿತ ಕಳೆಯುವಿಕೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮಗುವನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದರೆ ತಲಾ ನಾಲ್ಕು ನಿಮಿಷ. 35 ಮಕ್ಕಳಿಗೆ ಎರಡು ಗಂಟೆ 20 ನಿಮಿಷ, ನಾಲ್ಕು ದಿನದ ಮೊದಲ ಪಿರಿಯಡ್‌ನಲ್ಲಿ ಮುಗಿಯುತ್ತದೆ. ಫಲಿತಾಂಶವನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು ಒಂದು ಪ್ರತಿ ಶಾಲೆಯಲ್ಲಿಟ್ಟು ಇನ್ನೊಂದನ್ನು ಪಾಲಕರನ್ನು ಶಾಲೆಗೆ ಕರೆಯುವ 'ಸಮುದಾಯದತ್ತ ಶಾಲೆ' ದಿನ ಅವರ ಕೈಗೆ ಕೊಡಬೇಕು, ಬಾಯಿಮಾತಿನಲ್ಲಿ ವಿವರಿಸಿ. ಚಟುವಟಿಕೆಗಳ ಮೂಲಕ ಕಲಿಯುವ ಕೆಳ ತರಗತಿಗಳ ನಲಿ-ಕಲಿ ಮಕ್ಕಳಿಗೆ ಇಷ್ಟೂ ಬೇಡ. ಕಲಿಕಾ ಏಣಿಯಲ್ಲಿ ಯಾವ ಮೈಲಿಗಲ್ಲಿನಲ್ಲಿದ್ದಾರೆ ಎಂಬುದನ್ನು ಬರೆದಿಟ್ಟರೆ ಆಯಿತು.

ಎರಡನೆಯದು ಪುಸ್ತಕ. ಇಲ್ಲಿಯೇ ಇಲಾಖೆಯ ಸಹಾಯ ಎಲ್ಲಕ್ಕಿಂತ ಹೆಚ್ಚು ಬೇಕು. ಬಹಳ ಶಾಲೆಗಳಲ್ಲಿ ಕಥೆಪುಸ್ತಕಗಳಿವೆ, ಕಬ್ಬಿಣದ ಕಪಾಟಿನೊಳಗೆ, ಕೀಲಿ ಹಾಕಿಕೊಂಡು. ಪುಸ್ತಕ ಹರಿದರೆ, ಕಳೆದರೆ ದಾಸ್ತಾನು ವಹಿಯ ಲೆಕ್ಕ ತಪ್ಪುತ್ತದೆ, ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ, ಕೈಯಿಂದ ತುಂಬಬೇಕಾಗುತ್ತದೆ ಎಂಬ ಅಂಜಿಕೆ ಮುಖ್ಯ ಶಿಕ್ಷಕರಿಗೆ. ಮಕ್ಕಳ ಕೈಗೆ ಹೋದ ಪುಸ್ತಕ ಸವೆಯಲೇಬೇಕು. ರಜೆಗೆ ಕೊಟ್ಟ ಪುಸ್ತಕಗಳಲ್ಲಿ ನೂರಕ್ಕೆ ಹತ್ತು ಹಾಳಾದರೂ ಎಸ್‌ಡಿಎಂಸಿ ಠರಾವಿನ ಮೇಲೆ ವಹಿಯಿಂದ ತೆಗೆಯಬಹುದು, ಯಾರಿಂದಲೂ ವಸೂಲಿ ಇಲ್ಲ ಎಂದು ತಾವು ಒಂದು ಸಾಲು ಬರೆದುಕೊಟ್ಟರೆ ಅಷ್ಟೂ ಕಪಾಟುಗಳು ತೆರೆಯುತ್ತವೆ.

ಹಂಚುವ ಬಗೆ ಸುಲಭ. ಒಂದೇ ಓಣಿಯ ಐದು ಮಕ್ಕಳಿಗೆ ಹತ್ತು ಪುಸ್ತಕದ ಒಂದು ಕಟ್ಟು. ತಲಾ ಎರಡು, ವಾರಕ್ಕೊಮ್ಮೆ ತಮ್ಮತಮ್ಮಲ್ಲೇ ಅದಲುಬದಲು. ಐದು ವಾರದಲ್ಲಿ ಒಂದೊಂದು ಮಗುವಿನ ಕಣ್ಣಿಗೂ ಹತ್ತು ಪುಸ್ತಕ ಬೀಳುತ್ತದೆ. ಕಟ್ಟಿನ ಹೊಣೆ ಅದೇ ಓಣಿಯ ಆರು–ಏಳನೇ ತರಗತಿಯ ಹುಡುಗಿಗೋ ಹುಡುಗನಿಗೋ. ಪುಸ್ತಕ 16ರಿಂದ 24 ಪುಟದ್ದು, ದೊಡ್ಡ ಅಕ್ಷರದ್ದು, ಪುಟಕ್ಕೆ ಎರಡು–ನಾಲ್ಕು ಸಾಲಿನದು ಇರಲಿ. ಪದದ ಮಟ್ಟದಲ್ಲಿರುವ ಮಗುವಿಗೆ ಚಂದ ಕಾಣುತ್ತದೆಂದು ದಪ್ಪ ನೀತಿಕಥೆಯ ಸಂಪುಟ ಕೊಟ್ಟರೆ ಅದು ತೆರೆಯುವುದಿಲ್ಲ. ಶಾಲೆಯಲ್ಲಿ ಪುಸ್ತಕ ಸಾಲದಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರವಿದೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಅಲ್ಲಿಗೆ ಮಕ್ಕಳನ್ನು ಕರೆತರಲೆಂದೇ ಆದದ್ದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ, ಮರಾಠಿ, ಉರ್ದು ಕಥೆಗಳು ಹಂತವಾರು ಸಿಗುತ್ತವೆ, ಮುದ್ರಿಸಿ ಹಂಚಲು ಅನುಮತಿಯೂ ಇದೆ. ಬರಗಾಲದ ವರ್ಷ ಬೇಸಿಗೆಯಲ್ಲೂ ಬಿಸಿಯೂಟ ನಡೆದರೆ ಪುಸ್ತಕ ಬದಲಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದು, ಹತ್ತು ನಿಮಿಷ ಬಾಯಿಲೆಕ್ಕ, ವಾರದಲ್ಲಿ ಐದು ದಿನ. ಏಳು ವಾರಕ್ಕೆ 12 ಗಂಟೆಯೊಳಗೆ. ಬಿಸಿಲೇರುವ ಮುಂಚೆ ಅಥವಾ ರಾತ್ರಿ ಊಟಕ್ಕೆ ಮುಂಚೆ. ಜಾತ್ರೆ, ಮದುವೆ, ಅಜ್ಜಿಯ ಊರು ಎಂದು ಒಂದೆರಡು ವಾರ ತಪ್ಪಿದರೂ ಕೆಟ್ಟುಹೋಗುವುದೇನಿಲ್ಲ. ಕೇಳಿಸಿಕೊಳ್ಳುವವರಿಗೆ ಓದು ಬರಲೇಬೇಕೆಂದಿಲ್ಲ. ರೊಟ್ಟಿ ಬಡಿಯುತ್ತ ತಾಯಿ 'ಮುಂದ ಏನಾತು?' ಎಂದು ಕೇಳಿದರೆ ಸಾಕು, ಮಗು ಮುಂದಿನ ಪುಟಕ್ಕೆ ಹೋಗುತ್ತದೆ. ಇದನ್ನು ಪಾಲಕರ ಸಭೆಯಲ್ಲಿ ಒಂದು ಮಗುವಿನಿಂದ ಓದಿಸಿ ತೋರಿಸಬೇಕು. 'ನಮಗ ಓದಾಕ ಬರಂಗಿಲ್ರೀ' ಎಂಬ ಹಿಂಜರಿಕೆ ಹೋಗುವುದು ಹಾಗೆ.

ಬಾಯಿಲೆಕ್ಕಕ್ಕೆ ನಮ್ಮ ಜಿಲ್ಲೆಗಳಲ್ಲಿ ಬರವಿಲ್ಲ. ನಾಲ್ಕು ಕವಡೆಯ ಚೌಕಾಬಾರ, ಹಾವು–ಏಣಿ ಎರಡೂ ಕೂಡುವುದನ್ನು ಬೆರಳಿನಿಂದ ತಲೆಗೆ ಏರಿಸುತ್ತವೆ. ವಾರದ ಸಂತೆಯಲ್ಲಿ ಕಿಲೋ ದರ ಕೇಳಿ ಪಾವು (ಕಾಲು) ಕಿಲೋಕ್ಕೆ ಎಷ್ಟು ಎಂದು ಹೇಳುವುದು ಭಾಗಾಕಾರ. ತಿಕೋಟಾ ಕಡೆಯ ಐದನೇ ತರಗತಿಯವರಿಗೆ: ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಬರುವುದಾದರೆ 15 ಕಿಲೋ ಮಣೂಕದ ಪೆಟ್ಟಿಗೆಗೆ ಎಷ್ಟು ದ್ರಾಕ್ಷಿ ಬೇಕು? ರಬಕವಿ–ಬನಹಟ್ಟಿಯ ಮಗು ಮಗ್ಗದ ಮನೆಯಲ್ಲಿ ವಾರದ ಮಜೂರಿ ಲೆಕ್ಕ ಮಾಡಲಿ, ಮುಧೋಳದ್ದು ಕಬ್ಬಿನ ಟನ್ನಿನ ಲೆಕ್ಕ ಕೇಳಿಕೊಂಡು ಬರಲಿ. ಮಗ್ಗಿ ಬೇಕೇ ಬೇಕು, ಆದರೆ ಬಾಯಿಂದ ಮತ್ತು ಅಡ್ಡಾದಿಡ್ಡಿಯಾಗಿ: ಏಳು ನಾಲ್ಕಲೆ, ಏಳು ಒಂಬತ್ತಲೆ, ಏಳು ಆರಲೆ. ಸಾಲಾಗಿ ಹೇಳುವ ಮಗುವಿಗೆ ನಡುವಿನಿಂದ ಕೇಳಿದರೆ ಬರುವುದಿಲ್ಲ.

ಬರವಣಿಗೆ ಬೇಡವೇ ಬೇಡವೇ? ನಾಲ್ಕು–ಐದನೇ ತರಗತಿಯವರು ಬಯಸಿದರೆ ವಾರಕ್ಕೊಂದು ಸಲ ಐದು ವಾಕ್ಯ ಬರೆಯಲಿ, ನೋಡಿ ನಕಲು ಮಾಡಿದ್ದಲ್ಲ, ಸ್ವಂತದ್ದು. ತೇರಿಗೆ ಹಗ್ಗ ಎಲ್ಲಿಂದ ಬರುತ್ತದೆ, ಅಜ್ಜಿ ಮಾದಲಿ ಹೇಗೆ ಮಾಡುತ್ತಾಳೆ, ಯಾವುದಾದರೂ. ಮನೆಯ ಮಾತಿನಲ್ಲೇ 'ಹೋಗಿದ್ವಿ', 'ಬಂದ್ರು' ಎಂದು ಬರೆದರೆ ಬರೆಯಲಿ. ಕೆಂಪು ಪೆನ್ನು ಮುಟ್ಟಕೂಡದು.

ಗಡಿಭಾಗದ ಒಂದು ವಿಷಯ ಬೇರೆಯಾಗಿಯೇ ಹೇಳಬೇಕು. ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಆಡುವ, ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ ಆಡುವ, ಪಟ್ಟಣಗಳಲ್ಲಿ ಉರ್ದು ಆಡುವ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ರಜೆಯಲ್ಲಿ ಅವರಿಂದ ಮೊದಲು ಜಾರುವುದು ಅಕ್ಷರವಲ್ಲ, ಕಿವಿಗೆ ಬೀಳುವ ಮತ್ತು ಬಾಯಿಂದ ಬರುವ ಕನ್ನಡ. ಅವರು 48 ಪುಟ ಶುದ್ಧಬರಹ ಅಂದವಾಗಿ ಬರೆದು ತರುತ್ತಾರೆ; ಜೂನ್‌ನಲ್ಲಿ ಒಂದು ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಇಂಥ ಮಕ್ಕಳನ್ನು ಕನ್ನಡ ಮನೆಮಾತಿನ ಮಕ್ಕಳ ಜೊತೆಗೇ ಪುಸ್ತಕದ ಕಟ್ಟಿಗೆ ಸೇರಿಸಬೇಕು, ಬೇರೆ ಕಟ್ಟು ಮಾಡಬಾರದು. ಜೊತೆಗೆ ಅವರ ಮನೆಮಾತಿನ ಕಥೆಯೂ ಒಂದೆರಡು ಇರಲಿ. ಒಂದು ಭಾಷೆಯಲ್ಲಿ ಓದುವ ರುಚಿ ಹತ್ತಿದರೆ ಇನ್ನೊಂದಕ್ಕೆ ದಾರಿಯಾಗುತ್ತದೆ.

ದಸರಾ ರಜೆಯನ್ನು ಬೇಸಿಗೆ ರಜೆಯ ಸಣ್ಣ ತಮ್ಮನಂತೆ ನೋಡುವುದೂ ತಪ್ಪು. ಬೇಸಿಗೆಯ ಹೊತ್ತಿಗೆ ಕಬ್ಬಿನ ಹಂಗಾಮು ಮುಗಿದು ಎಷ್ಟೋ ಕುಟುಂಬಗಳು ಊರಿಗೆ ಮರಳಿರುತ್ತವೆ. ದಸರಾ–ದೀಪಾವಳಿಯ ಹೊತ್ತಿಗೆ ಅವು ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು, ಗೋವಾ–ಮಹಾರಾಷ್ಟ್ರದ ಕಡೆ ದುಡಿಯಲು ಹೊರಡುತ್ತವೆ. ಹೊರಟ ಮಗುವಿಗೆ ಎರಡೂವರೆ ವಾರದ ಹೋಮ್‌ವರ್ಕ್ ಏನು ಮಾಡೀತು? ಅದರ ಕೈಯಲ್ಲಿ ಇರಬೇಕಾದ್ದು ಆ ಚೀಟಿ: ಹೆಸರು, ಎಸ್‌ಎಟಿಎಸ್ ಸಂಖ್ಯೆ, ತರಗತಿ, ಓದು ಮತ್ತು ಲೆಕ್ಕದ ಮಟ್ಟ, ಶಾಲೆಯ ಫೋನ್ ಸಂಖ್ಯೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡಬೇಕು, ಗುಡಿಸಲಿನಲ್ಲಿ ಕಾಗದ ಉಳಿಯುವುದಿಲ್ಲ. ಕಬ್ಬು ಕಡಿಯುವ ಫಡದ ಹತ್ತಿರದ ಯಾವ ಶಾಲೆಗೆ ಹೋದರೂ ಅಲ್ಲಿನ ಶಿಕ್ಷಕರು ಮೊದಲ ದಿನವೇ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಾರೆ. ಬೇರೆ ರಾಜ್ಯಕ್ಕೆ ಹೋಗುವವರಿಗೆ ಅಂಕಿಗಳನ್ನು ಇಂಗ್ಲಿಷ್‌ನಲ್ಲೂ ಬರೆಯಬೇಕು.

ಜೂನ್‌ನಲ್ಲಿ ಅದೇ ಹಾಳೆಯಿಂದ ಮತ್ತೆ ನಾಲ್ಕು ನಿಮಿಷದ ಪರೀಕ್ಷೆ. ಮಾರ್ಚ್‌ನ ಚೀಟಿಯ ಪಕ್ಕದಲ್ಲಿ ಇಟ್ಟರೆ ಯಾರು ನಿಂತಲ್ಲೇ ನಿಂತಿದ್ದಾರೆ, ಯಾರು ಒಂದು ಮೆಟ್ಟಿಲು ಇಳಿದಿದ್ದಾರೆ ಎಂಬುದು ಕಾಣುತ್ತದೆ. ಸೇತುಬಂಧದ ಗುಂಪುಗಳು ಅದರಿಂದಲೇ ಆಗಲಿ. ಮೂವತ್ತೈದು ಜನಕ್ಕೂ ಒಂದೇ ಪೂರ್ವ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರೆಸಿ, ಅಕ್ಷರವೇ ಬಾರದ ಮಗುವಿನಿಂದ ಖಾಲಿ ಹಾಳೆ ಪಡೆದು, ಅದಕ್ಕೊಂದು ಸೊನ್ನೆ ಕೊಟ್ಟು ತಿಳಿಯುವುದೇನೂ ಇಲ್ಲ. ನೋಟುಬುಕ್ಕು ತಿದ್ದುವ 18 ಗಂಟೆ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ.

ಆರು–ಏಳನೇ ತರಗತಿಯವರಿಗೆ ಸ್ವಲ್ಪ ಬರವಣಿಗೆ ಕೊಡುವುದನ್ನು ನಾವು ವಿರೋಧಿಸುವುದಿಲ್ಲ. ನಕಲು ಬೇಡ ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ಶಿಕ್ಷಕರು ಈ ಪಟ್ಟಿಯನ್ನು ಯಾಕೆ ಬಿಡುತ್ತಿಲ್ಲ ಎಂದರೆ, ತುಂಬಿದ ನೋಟುಬುಕ್ಕು ಕಣ್ಣಿಗೆ ಕಾಣುತ್ತದೆ. ಭೇಟಿಗೆ ಬಂದವರು ಅದನ್ನೇ ತಿರುವುತ್ತಾರೆ, ಪಾಲಕರು ಅದನ್ನೇ ಪಕ್ಕದ ಕಾನ್ವೆಂಟಿನ ನೋಟುಬುಕ್ಕಿಗೆ ಹೋಲಿಸುತ್ತಾರೆ. ಒಬ್ಬ ಶಿಕ್ಷಕ ತಾನಾಗಿ ನಿಲ್ಲಿಸಿದರೆ ಸೋಮಾರಿ ಎನಿಸಿಕೊಳ್ಳುತ್ತಾನೆ. ಅದಕ್ಕೇ ಇದು ಮೇಲಿನಿಂದ, ಲಿಖಿತವಾಗಿ, ಸರಕಾರಿ–ಖಾಸಗಿ ಎರಡಕ್ಕೂ ಒಂದೇ ಆಗಿ ಬರಬೇಕು.

ಆದ್ದರಿಂದ ಮಾರ್ಚ್ ಮಧ್ಯದೊಳಗೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. 1ರಿಂದ 5ಕ್ಕೆ ರಜೆಯ ಬರವಣಿಗೆ ಹೋಮ್‌ವರ್ಕ್ ಇಲ್ಲ. ಶಾಲೆ ತೆರೆದ ವಾರ ಅದರ ಹೆಸರಿನಲ್ಲಿ ಕೇಳುವುದು, ದಂಡಿಸುವುದು ಇಲ್ಲ. ಪುಸ್ತಕ ಸವೆದರೆ ವಸೂಲಿ ಇಲ್ಲ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಜೂನ್ ಭೇಟಿಯಲ್ಲಿ ನೋಟುಬುಕ್ಕಿನ ಬದಲು ಮಟ್ಟದ ಚೀಟಿ ಮತ್ತು ಪುಸ್ತಕ ಹಂಚಿದ ವಹಿ ನೋಡತಕ್ಕದ್ದು. ರಜೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ, ವರದಿ ಕೇಳತಕ್ಕದ್ದಲ್ಲ. ಇಷ್ಟೇ ಐದು ಸಾಲು. ವಿಜಯಪುರ, ಇಳಕಲ್ ಮತ್ತು ಬೆಳಗಾವಿ ಜಿಲ್ಲೆಯ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಒಂದು ಹಾಳೆಯ ಓದು–ಲೆಕ್ಕದ ಪರೀಕ್ಷೆಯನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಸಿದ್ಧಮಾಡಿ ಸುತ್ತೋಲೆಯ ಜೊತೆಗೇ ಕಳಿಸಿದರೆ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮುಂಚೆ ಶಾಲೆಗಳಿಗೆ ತಲುಪುತ್ತದೆ.

ಇಂತಿ,
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಕಲಿಸುತ್ತಿರುವ ಕೆಲವು ಶಿಕ್ಷಕ–ಶಿಕ್ಷಕಿಯರು